ಚಂದ್ರನ ಚಿತ್ರದ ಮೇಲೆ ನಿಂತ ಬೆರಳು

ನಾರಾಯಣಪುರದ ಆ ರೆಕಾರ್ಡಿಂಗ್ ಈಗ ಎಲ್ಲಿಯೂ ಇಲ್ಲ. ಅದರ ಶುರುವಿನಲ್ಲಿ ಒಂದು ಎಮ್ಮೆ ಕೂಗುತ್ತಿತ್ತು. ಆಮೇಲೆ ಯಾರೋ ಬಕೆಟ್ ಸರಿಸಿದ ಸದ್ದು. ಆಮೇಲೆ ಒಬ್ಬ ಗಂಡಸು ಹೊರಗಿನಿಂದ ಒಳಗೆ ಬರುತ್ತ, "ಏ, ಯಾರ ಜೋಡಿ ಮಾತಾಡಾಕತ್ತಿ?" ಎಂದು ಕೇಳುತ್ತಿದ್ದ. ನಮ್ಮ ಕೆಲಸದ ನಿಯಮದ ಪ್ರಕಾರ ಆ ಒಂದು ಪ್ರಶ್ನೆಯಿಂದಲೇ ಟೆಸ್ಟ್ ಕೆಟ್ಟಿತು. ನನಗೆ ಮಾತ್ರ, ಆ ಚಳಿಗಾಲದಲ್ಲಿ ನಾನು ಕೇಳಿದ್ದರಲ್ಲೆಲ್ಲ ಅದೇ ಒಳ್ಳೆಯ ರೆಕಾರ್ಡಿಂಗ್ ಅನ್ನಿಸಿತ್ತು. ಈಗಲೂ ಅನ್ನಿಸುತ್ತದೆ.

ಕೆಲಸ ಏನೆಂದು ಮೊದಲು ಹೇಳಬೇಕು. ಪುಣೆಯ ಒಂದು ಸಣ್ಣ ಕಂಪನಿ, ಗುಳಿಗೆ ತೆಗೆದುಕೊಳ್ಳುವ ಹೊತ್ತನ್ನು ನೆನಪಿಸುವ ಆ್ಯಪ್ ಒಂದನ್ನು ಕನ್ನಡದಲ್ಲಿ ಮಾಡುತ್ತಿತ್ತು. ಓದು ಕಡಿಮೆ ಇರುವವರಿಗೂ ತಿಳಿಯಲಿ ಎಂದು ಅಕ್ಷರ ಕಡಿಮೆ, ಚಿತ್ರ ಹೆಚ್ಚು. ಬಿಡುಗಡೆಗೆ ಮೊದಲು ಅದು ಜನರಿಗೆ ಅರ್ಥವಾಗುತ್ತದೋ ಇಲ್ಲವೋ ನೋಡಬೇಕಿತ್ತು. ಅದಕ್ಕೆ ಅವರು ಆರಿಸಿಕೊಂಡದ್ದು ಅನ್‌ಮಾಡರೇಟೆಡ್ ಟೆಸ್ಟ್. ಎಂದರೆ, ಪಕ್ಕದಲ್ಲಿ ಕೂತು ನೋಡುವವರು, ಕೇಳುವವರು ಯಾರೂ ಇರುವುದಿಲ್ಲ. ಜನ ತಮ್ಮ ಮನೆಯಲ್ಲಿ, ತಮ್ಮದೇ ಮೊಬೈಲಿನಲ್ಲಿ, ತಮಗೆ ಬಿಡುವಾದಾಗ ಒಬ್ಬರೇ ಕೂತು ಮಾಡಬೇಕು. ತೆರೆಯ ಮೇಲೆ ಒಂದೊಂದಾಗಿ ಕೆಲಸ ಬರುತ್ತದೆ: ಒಂದು ಗುಳಿಗೆ ಸೇರಿಸಿ, ಹೊತ್ತು ಆರಿಸಿ, ನೆನಪಿಸುವ ಸದ್ದು ಆರಿಸಿ. ಮಾಡುತ್ತ ಮಾಡುತ್ತ ಮನಸ್ಸಿನಲ್ಲಿ ಏನು ಬರುತ್ತದೋ ಅದನ್ನು ಬಾಯಿಬಿಟ್ಟು ಹೇಳಬೇಕು. ಫೋನ್ ಅದನ್ನೂ, ತೆರೆಯ ಮೇಲೆ ನಡೆದದ್ದನ್ನೂ ಹಿಡಿದಿಟ್ಟುಕೊಂಡು ಪುಣೆಗೆ ಕಳಿಸುತ್ತದೆ. ಬೆರಳು ಮುಟ್ಟಿದ ಕಡೆಯಲ್ಲೆಲ್ಲ ಒಂದು ಬೂದು ಚುಕ್ಕೆ ಕಾಣುತ್ತದೆ. ಪರೀಕ್ಷೆ ಆ್ಯಪಿಗೆ, ಮನುಷ್ಯರಿಗಲ್ಲ.

ಬಸವಕಲ್ಯಾಣದಲ್ಲಿ ಮಕ್ಕಳಿಗೆ ಇಂಗ್ಲಿಷ್ ಕಲಿಸಿ ರಿಟೈರ್ ಆದ ನನ್ನಂಥ ಮುದುಕಿಗೆ ಈ ಕೆಲಸ ಹೇಗೆ ಸಿಕ್ಕಿತು ಎಂಬುದು ಅಂಥ ದೊಡ್ಡ ಕಥೆಯಲ್ಲ. ಅವರಿಗೆ ಎರಡೂ ಭಾಷೆ ಬರುವವರು, ಮನೆಯೊಳಗೆ ಕರೆದು ಕೂಡಿಸಿಕೊಳ್ಳುವಂಥ ಮುಖದವರು ಬೇಕಿತ್ತು. ಇಲ್ಲಿ ಹೆಣ್ಣು ಟೀಚರನ್ನು 'ಬಾಯಾರು' ಎನ್ನುತ್ತಾರೆ. ಬಾಯಾರಿಗೆ ಯಾವ ಮನೆಯಲ್ಲೂ ಚಹಾ ಸಿಗುತ್ತದೆ. ನಾನು ಮನೆಗಳನ್ನು ಹುಡುಕಬೇಕು, ಕೆಲಸಗಳನ್ನು ಕನ್ನಡದಲ್ಲಿ ಬರೆಯಬೇಕು, ಫೋನಿನಲ್ಲಿ ಆ್ಯಪ್ ಹಾಕಿಕೊಟ್ಟು ಒಪ್ಪಿಗೆ ಪಡೆದು ಎದ್ದುಬರಬೇಕು. ಎದ್ದುಬರುವುದೇ ಮುಖ್ಯ. ಚಹಾ ಕುಡಿಯಬಹುದು, ಟೆಸ್ಟ್ ಮಾಡುವುದನ್ನು ನೋಡುವಂತಿಲ್ಲ. ಆಮೇಲೆ ರೆಕಾರ್ಡಿಂಗ್ ಬಂದಾಗ ಕೂತು ಕೇಳಿ, ಮಾತನ್ನು ಬರೆದು, ಎಲ್ಲಿ ತಡವರಿಸಿದರು ಎಂದು ಗುರುತು ಹಾಕಬೇಕು.

ಮೊದಲ ವಾರ ಪೂರಾ ಸಣ್ಣಸಣ್ಣ ತೊಂದರೆಗಳಲ್ಲೇ ಹೋಯಿತು. ರೆಕಾರ್ಡಿಂಗ್ ಶುರುವಾಗುವ ಮುನ್ನ ಫೋನ್ ತಾನಾಗಿಯೇ ಇಂಗ್ಲಿಷಿನಲ್ಲಿ ಒಂದು ಎಚ್ಚರಿಕೆ ತೋರಿಸುತ್ತಿತ್ತು: ನಿಮ್ಮ ತೆರೆಯ ಮೇಲಿನದೆಲ್ಲ ಈ ಆ್ಯಪಿಗೆ ಕಾಣುತ್ತದೆ, ಪಾಸ್‌ವರ್ಡ್ ಕೂಡ. ಅದನ್ನು ಓದಬಲ್ಲ ಮಕ್ಕಳಿದ್ದ ಮನೆಯಲ್ಲಿ ಗಾಬರಿ, ಓದಲಾರದ ಮನೆಯಲ್ಲಿ ಬೇಡ ಎಂಬ ಗುಂಡಿಯನ್ನೇ ಮೊದಲು ಒತ್ತಿ ಮುಗಿಸುತ್ತಿದ್ದರು. ವಯಸ್ಸಾದವರು ಕಣ್ಣಿಗೆ ಕಾಣಲೆಂದು ಅಕ್ಷರವನ್ನು ದೊಡ್ಡದು ಮಾಡಿಟ್ಟುಕೊಂಡಿರುತ್ತಾರೆ. ಆ ಫೋನುಗಳಲ್ಲಿ 'ಮುಂದೆ' ಎಂಬ ಗುಂಡಿ ತೆರೆಯ ಕೆಳಗೆ ಜಾರಿಹೋಗಿ ಮಾಯವಾಗುತ್ತಿತ್ತು. ನಡುವೆ ಕರೆ ಬಂದರೆ ರೆಕಾರ್ಡಿಂಗ್ ತುಂಡಾಗುತ್ತಿತ್ತು. ಇವೆಲ್ಲ ರಿಪೇರಿಯಾಗುವ ಸಂಗತಿಗಳು. ಪುಣೆಯ ತಂಡದ ಮುಖ್ಯಸ್ಥೆ, ನನ್ನ ಮೊಮ್ಮಗಳ ವಯಸ್ಸಿನ, ಕನ್ನಡ ಬಲ್ಲ ಚುರುಕು ಹುಡುಗಿ, ಒಂದೊಂದನ್ನೂ ಸರಿಮಾಡಿಸಿದಳು. "ಮ್ಯಾಮ್, ನೌ ವಿ ಆರ್ ರೆಡಿ" ಎಂದಳು.

ರೆಡಿ ಆದದ್ದು ಆ್ಯಪ್ ಮಾತ್ರ. ಬಂದ ರೆಕಾರ್ಡಿಂಗುಗಳಲ್ಲಿ ಮಾತೇ ಇರಲಿಲ್ಲ.

ಚುಕ್ಕೆ ಓಡಾಡುತ್ತಿತ್ತು, ನಿಲ್ಲುತ್ತಿತ್ತು, ಹಿಂದಕ್ಕೆ ಬರುತ್ತಿತ್ತು. ಯಾಕೆ ನಿಂತರು, ಯಾಕೆ ಹಿಂದೆ ಬಂದರು ಎಂದು ತಿಳಿಯುತ್ತಿರಲಿಲ್ಲ. ಉಸಿರು ಕೇಳುತ್ತಿತ್ತು. ಬಳೆ ಕೇಳುತ್ತಿತ್ತು. ಮೌನ ಹೆಚ್ಚಾದರೆ ತೆರೆಯ ಮೇಲೆ 'ನಿಮ್ಮ ಮನಸ್ಸಿನಲ್ಲಿರುವುದನ್ನು ಜೋರಾಗಿ ಹೇಳಿ' ಎಂಬ ಸಾಲು ಬರುವಂತೆ ಮಾಡಿದ್ದೆವು. ಜನ ಆ ಸಾಲನ್ನೇ ಜೋರಾಗಿ ಓದಿ ಮತ್ತೆ ಸುಮ್ಮನಾಗುತ್ತಿದ್ದರು. ಹುಮನಾಬಾದಿನ ಒಬ್ಬ ಹಿರಿಯಳು, "ನಮಸ್ಕಾರ್ರಿ. ನಾವು ಆರಾಮ ಅದೇವ್ರಿ. ನೀವು ಆರಾಮ ಅದೀರೇನ್ರಿ?" ಎಂದು ಕೇಳಿ ಉತ್ತರಕ್ಕೆ ಕಾದಿದ್ದಳು. ಬಹಳ ಹೊತ್ತು ಕಾದಿದ್ದಳು. ಆಮೇಲೆ ಮೆಲ್ಲಗೆ, "ಯಾರೂ ಮಾತಾಡವಲ್ರು" ಎಂದು ಬಂದ್ ಮಾಡಿದ್ದಳು. ಆ ಕ್ಲಿಪ್ ಕೇಳಿ ನಾನು ಹೆಡ್‌ಫೋನ್ ತೆಗೆದಿಟ್ಟೆ.

ಮಾಣಿಕನಗರದಲ್ಲಿ ತೆಂಗಿನಕಾಯಿ, ಊದುಬತ್ತಿ ಮಾರುವ ಅಂಗಡಿಯಾಕೆಯನ್ನು ಕೇಳಿಯೇಬಿಟ್ಟೆ. ಆಕೆ ಗಿರಾಕಿಗಳ ಜೊತೆ ಮುಂಜಾನೆಯಿಂದ ಸಂಜೆಯವರೆಗೆ ಬಾಯಿ ಮುಚ್ಚದವಳು. ರೆಕಾರ್ಡಿಂಗಿನಲ್ಲಿ ಮಾತ್ರ ಒಂದು ಶಬ್ದವಿಲ್ಲ.

"ಯಾಕವ್ವಾ, ಏನೂ ಮಾತಾಡೇ ಇಲ್ಲ ನೀನು?"

"ಏನ್ ಬಾಯಾರ ನೀವು! ಬಾಗಲಾ ಹಾಕ್ಕೊಂಡು ಒಬ್ಬಾಕಿನೇ ಕುಂತು ಮಾತಾಡಿದ್ರ ಮಂದಿ ಏನಂತಾರ? ಇಕಿಗಿ ಏನೋ ಬಡ್ದದ ಅಂತಾರ. ನಮ್ಮತ್ತಿ ಅಂತೂ ನಿಂಬಿಹಣ್ಣ ತಂದು ಇಳೀ ತಗೀತಾಳ."

"ಫೋನಿನಲ್ಲಿ ದಿನಾ ಮಾತಾಡ್ತೀಯಲ್ಲ?"

"ಅಲ್ಲಿ ಆ ಕಡಿ ಯಾರರ ಇರ್ತಾರಲ್ರಿ. ಇದರಾಗ ಯಾರದಾರ?"

ಹೈದರಾಬಾದಿನ ಕಾನ್ವೆಂಟಿನಲ್ಲಿ ಸಿಸ್ಟರ್‌ಗಳು ನಮಗೆ ಚಾಪೆಲಿನಲ್ಲಿ ಮೊಣಕಾಲೂರಿ ಕಣ್ಣು ಮುಚ್ಚಿ ಒಬ್ಬೊಬ್ಬರೇ ಮನಸ್ಸಿನೊಳಗೆ ಮಾತಾಡುವುದನ್ನು ಕಲಿಸಿದ್ದರು. ಅಲ್ಲಿ ಕಲಿತ ನನಗೆ ಅದು ಸಹಜವಾಗಿತ್ತು. ಈ ಟೆಸ್ಟನ್ನು ಕಂಡುಹಿಡಿದವರಿಗೂ ಸಹಜವಾಗಿದ್ದಿರಬೇಕು. ಇಲ್ಲಿ ಮಾತು ಎಂದರೆ ಎದುರಿಗೊಬ್ಬರು ಇರಲೇಬೇಕು.

ಅಷ್ಟರಲ್ಲಿ ಎಳ್ಳಮವಾಸ್ಯೆ ಬಂತು. ಊರಿಗೆ ಊರೇ ಭಜ್ಜಿ, ಅಂಬಲಿ ಕಟ್ಟಿಕೊಂಡು ಹೊಲಕ್ಕೆ ಹೋಗಿತ್ತು. ಟೆಸ್ಟ್ ಮಾಡುವವರು ಯಾರೂ ಇರಲಿಲ್ಲ. ಹಬ್ಬ ಮುಗಿದ ಮೇಲೆ ಬಂದ ಮೊದಲ ರೆಕಾರ್ಡಿಂಗೇ ನಾರಾಯಣಪುರದ್ದು.

ಆ ಹೆಣ್ಣುಮಗಳು ಹಾಲು ಮಾರುವಾಕೆ. ಮನೆಯ ಹಿಂದೆ ಎಮ್ಮೆಗಳ ಕೊಟ್ಟಿಗೆ, ಅದರಾಚೆ ಒಂದಷ್ಟು ತೊಗರಿ ಹೊಲ. ಗಂಡ ಹಾಲು ಕರೆದರೆ ಈಕೆ ಬಸವಕಲ್ಯಾಣಕ್ಕೆ ತಂದು ಮನೆಮನೆಗೆ ಹಾಕುತ್ತಿದ್ದಳು. ಟೆಸ್ಟಿಗೆ ಒಪ್ಪುವಾಗ ಆಕೆ ತಕರಾರು ತೆಗೆದಿದ್ದಳು.

"ನನ್ನ ದನಿ ಊರಾಗ ಯಾರಿಗೂ ಕೇಳಿಸಬಾರದು ನೋಡ್ರಿ ಬಾಯಾರ. ನಿಮ್ಮ ಕೆಲಸ ಮುಗದ ಮ್ಯಾಲ ಅಳಸ್ತೀರಲ್ಲ?"

"ಅಳಿಸ್ತೀವಿ. ಪ್ರಾಮಿಸ್."

"ಅದೇನು ಪ್ರಾಮಿಸ್ಸೋ ಏನೋ. ನನಗ ತಿಳಿಯೂ ಹಂಗ ಬರೋಬ್ಬರ್ ಹೇಳ್ರಿ."

"ಪೂರಾ ಅಳಿಸ್ತೀವಿ, ತಾಯಿ. ಒಂದು ಶಬ್ದ ಉಳಿಸೂದಿಲ್ಲ."

"ಖರೇ?"

"ಖರೇ."

ಆಗ ಆಕೆ ಹೆಬ್ಬೆರಳಿನಿಂದ ಒಪ್ಪಿಗೆಯ ಗುಂಡಿ ಒತ್ತಿದಳು. ಗಂಡ ಹೊರಗೆ ಎಮ್ಮೆಗೆ ನೀರು ತೋರಿಸುತ್ತಿದ್ದ. ಆತನನ್ನು ನಾನು ಸರಿಯಾಗಿ ನೋಡಿದ್ದೂ ಅಷ್ಟೇ: ಎತ್ತರದ ಬೆನ್ನು, ಹೆಗಲ ಮೇಲೆ ಟವೆಲ್.

ಈಗ ಆ ರೆಕಾರ್ಡಿಂಗ್. ನಾನು ಎಷ್ಟು ಸಲ ಕೇಳಿದ್ದೆನೆಂದರೆ ಅದು ನನಗೆ ಕಂಠಪಾಠವಾಗಿದೆ. ಎಲ್ಲರ ಹಾಗೆ ಆಕೆಯೂ ತೆರೆಯ ಮೇಲಿನ ಸಾಲನ್ನೇ ಜೋರಾಗಿ ಓದಿದಳು, ಅಷ್ಟರಲ್ಲಿ ಗಂಡ ಒಳಗೆ ಬಂದ.

"ಏ, ಯಾರ ಜೋಡಿ ಮಾತಾಡಾಕತ್ತಿ?"

"ಯಾರ ಜೋಡಿನೂ ಇಲ್ರಿ. ಬಾಯಾರು ಇದರಾಗ ಮಾತಾಡು ಅಂದಾರ."

"ಬಾಯಾರು ಅದರಾಗ ಕುಂತಾರೇನು?"

"ಇಲ್ರಿ. ಆಮ್ಯಾಲ ಕೇಳ್ತಾರಂತ."

"ಹಂಗಾದ್ರ ಈಗ ನನಗ ಹೇಳು. ಅವರು ಆಮ್ಯಾಲ ಕೇಳ್ಲಿ."

ಮಂಚ ಕಿರುಗುಟ್ಟಿತು. ಆತ ಪಕ್ಕದಲ್ಲಿ ಕೂತ. ಆಕೆ ಕೆಲಸವನ್ನು ಓದಿದಳು: ಮನೆಯವರೊಬ್ಬರ ಗುಳಿಗೆ ಸೇರಿಸಿ, ಬೆಳಿಗ್ಗೆ ಒಂದು, ರಾತ್ರಿ ಊಟದ ನಂತರ ಒಂದು.

"ನಿಮ್ಮ ಬಿ.ಪಿ. ಗುಳಿಗಿನೇ ಹಾಕ್ತೇನಿ ನೋಡ್ರಿ."

"ಹಾಕು, ಹಾಕು. ನನ್ನ ಬಿ.ಪಿ. ಪುಣಾ ನೋಡಿ ಬರ್ಲಿ. ನಾ ಅಂತೂ ನೋಡಿಲ್ಲ."

ಬೆಳಗಿನ ಗುಳಿಗೆಗೆ ಸೂರ್ಯನ ಚಿತ್ರವಿತ್ತು. ಅದನ್ನು ತಟ್ಟನೆ ಒತ್ತಿದಳು. ರಾತ್ರಿಗೆ ಹಳದಿ ಬಣ್ಣದ ಅರ್ಧಚಂದ್ರ. ಬೂದು ಚುಕ್ಕೆ ಅಲ್ಲಿ ಬಂದು ನಿಂತಿತು. ಆಕೆಗೆ ಯೋಚಿಸುವಾಗ ಬೆರಳನ್ನು ಗಾಜಿನ ಮೇಲೆ ಊರಿಯೇ ಇರುವ ಅಭ್ಯಾಸ. ಎತ್ತುವವರೆಗೆ ಗುಂಡಿ ಒತ್ತಿದಂತಾಗುವುದಿಲ್ಲ.

"ಇದು ಸಂಕಷ್ಟಿದು ಇರಬೇಕ್ರಿ. ಚಂದ್ರನ್ನ ನೋಡಿ ಉಣ್ಣೂ ದಿನ ತಗೊಳ್ಳೂ ಗುಳಿಗಿ."

"ಸಂಕಷ್ಟಿ ಹಿಡಿಯಾಕಿ ನೀ. ಗುಳಿಗಿ ನುಂಗಾವ ನಾ?"

"ಮತ್ತ ದಿನಾ ರಾತ್ರಿದು ಎಲ್ಲದ?"

"ಬಿಡು, ಇದೇ ಚಲೋ ಅದ. ತಿಂಗಳಿಗಿ ಒಂದೇ ಗುಳಿಗಿ. ಅವತ್ತ ಮಾಡ ಮುಚ್ಚಿತಂದ್ರ ಅದೂ ಇಲ್ಲ."

ಆಕೆ ನಕ್ಕಳು. ಚುಕ್ಕೆ ಚಂದ್ರನ ಮೇಲೆ ನಡುಗಿತು. "ಸುಮ್ಮ ಕೂಡ್ರಿ, ಬಾಯಾರು ಕೇಳ್ತಾರ" ಎಂದಳು. ಕೊನೆಯ ಕೆಲಸ, ನೆನಪಿಸುವ ಸದ್ದು ಆರಿಸುವುದು. ಕೊಳಲು, ಗಂಟೆ, ಹಕ್ಕಿ ಎಲ್ಲ ಒತ್ತಿ ಕೇಳಿದರು.

"ಇವೆಲ್ಲ ಯಾಕ ಬೇಕು? ದಿನಾ ನೀನೇ ಹೊಯ್ಕೊಂತಿ ಅಲ್ಲ, ಗುಳಿಗಿ ತಗೋರಿ, ಗುಳಿಗಿ ತಗೋರಿ ಅಂತ. ಅದನ್ನೇ ಇದರಾಗ ತುಂಬರಿ ಅಂತ ಹೇಳು ಬಾಯಾರಿಗಿ. ಬ್ಯಾರೆ ಯಾರ ಮಾತೂ ಕೇಳಾವ ಅಲ್ಲ ನಾ."

ಅಲ್ಲಿಗೆ ಮುಗಿಯುತ್ತಿತ್ತು. ಎಮ್ಮೆ ಮತ್ತೊಮ್ಮೆ ಕೂಗುತ್ತಿತ್ತು.

ಚಂದ್ರನ ಆ ಚಿತ್ರದ ಮೇಲೆ ಎಷ್ಟೋ ಜನರ ಚುಕ್ಕೆ ನಿಂತಿತ್ತು. ಯಾಕೆಂದು ನಮಗೆ ತಿಳಿದಿರಲಿಲ್ಲ. ಚಿತ್ರ ಚಿಕ್ಕದಾಯಿತೇನೋ ಎಂದು ಪುಣೆಯಲ್ಲಿ ದೊಡ್ಡದು ಮಾಡುವ ಯೋಚನೆ ನಡೆದಿತ್ತು. ದಿನಾ ರಾತ್ರಿ ನುಂಗಬೇಕಾದ ಗುಳಿಗೆಯನ್ನು ಒಂದು ಮನೆ ತಿಂಗಳಿಗೊಮ್ಮೆ ಎಂದು ತಿಳಿದರೆ ಏನಾಗುತ್ತದೆ? ಆ ಗಂಡ ಬಂದು ಕೂರದಿದ್ದರೆ ಆಕೆ ಬಾಯಿ ಬಿಡುತ್ತಿರಲಿಲ್ಲ, ನಮಗದು ಗೊತ್ತಾಗುತ್ತಿರಲಿಲ್ಲ.

ನಾನು ಮುಖ್ಯಸ್ಥೆಗೆ ಫೋನ್ ಮಾಡಿದೆ. ಆಕೆ ರೆಕಾರ್ಡಿಂಗ್ ಕೇಳಿಯಾಗಿತ್ತು.

"ಬ್ಯೂಟಿಫುಲ್, ಮ್ಯಾಮ್. ಬಟ್ ಇಟ್ಸ್ ಇನ್‌ವ್ಯಾಲಿಡ್. ಇನ್ನೊಬ್ಬರು ಮಧ್ಯೆ ಬಾಯಿ ಹಾಕಿದ್ದಾರೆ. ಟೈಮ್ ಎಲ್ಲ ಕೆಟ್ಟಿದೆ."

"ಟೈಮ್ ಕೆಟ್ಟಿತು, ಮಗಳೇ. ಮಾತು ಸಿಕ್ಕಿತಲ್ಲ?" ಎಂದೆ. "ಇಲ್ಲಿ ಯಾರೂ ಒಬ್ಬರೇ ಕೂತು ಮಾತಾಡುವುದಿಲ್ಲ. ನಾವು ಇನ್ನೂ ಎಷ್ಟು ಮನೆಗೆ ಹೋದರೂ ಬಳೆಯ ಸದ್ದೇ ಕೇಳಬೇಕು. ಪ್ರತಿಯೊಬ್ಬರೂ ತಮಗೆ ಬೇಕಾದ ಒಬ್ಬರನ್ನು ಪಕ್ಕದಲ್ಲಿ ಕೂಡಿಸಿಕೊಳ್ಳಲಿ. ನಾನಲ್ಲ, ನೀನಲ್ಲ, ಅವರದೇ ಮನೆಯ ಮನುಷ್ಯ. ಫೋನ್ ಒಬ್ಬರ ಕೈಯಲ್ಲಿ, ಕೇಳುವ ಕಿವಿ ಇನ್ನೊಬ್ಬರದು."

ಆಕೆ ಒಪ್ಪಲಿಲ್ಲ. ಇಬ್ಬರಾದರೆ ಯಾರಿಗೆ ತಿಳಿಯಿತು, ಯಾರಿಗೆ ತಿಳಿಯಲಿಲ್ಲ ಎಂದು ಹೇಳುವುದು ಹೇಗೆ ಎಂದಳು. ಮೊದಲ ಸುತ್ತಿನ ಕೆಲಸವೆಲ್ಲ ನೀರಿಗೆ ಹೋಗುತ್ತದೆ ಎಂದಳು. ಎರಡೂ ನಿಜ. ಎರಡು ದಿನ ಬಿಟ್ಟು ಆಕೆಯೇ ಫೋನ್ ಮಾಡಿದಳು. ಹಿರಿಯಳು "ಯಾರೂ ಮಾತಾಡವಲ್ರು" ಎಂದ ಆ ಕ್ಲಿಪ್ಪನ್ನು ತನ್ನ ತಂಡಕ್ಕೆಲ್ಲ ಕೇಳಿಸಿದಳಂತೆ. ಸರಿ ಮ್ಯಾಮ್, ಎರಡನೆಯ ಸುತ್ತು ಜೋಡಿಯಲ್ಲಿ ಮಾಡೋಣ, ಇಬ್ಬರ ಒಪ್ಪಿಗೆಯನ್ನೂ ತೆಗೆದುಕೊಳ್ಳೋಣ ಎಂದಳು.

"ಆದರೆ ಹಳೆಯವುಗಳಲ್ಲಿ ಬೇರೆಯವರ ದನಿ ಇರುವುದನ್ನೆಲ್ಲ ಅಳಿಸಿಬಿಡ್ತೀನಿ. ಅವರ ಒಪ್ಪಿಗೆಯನ್ನು ನಾವು ಕೇಳಿರಲಿಲ್ಲ."

"ಅಳಿಸು" ಎಂದೆ. ಅದು ಸರಿಯಾದ ಮಾತೇ ಆಗಿತ್ತು. ಆ ಮನುಷ್ಯನ ಒಪ್ಪಿಗೆಯನ್ನು ನಾವು ಕೇಳಿರಲಿಲ್ಲ. ಅಲ್ಲದೆ ಎರಡನೆಯ ಸುತ್ತಿನಲ್ಲಿ ಆ ಗಂಡ ಹೆಂಡತಿ ಮತ್ತೆ ಕೂತು ಮಾಡುವವರೇ ಇದ್ದರು. ಆತ ಇನ್ನೂ ನಾಲ್ಕು ಜೋಕು ಹೆಚ್ಚು ಹೊಡೆದಾನು ಎಂದು ನಾನು ಕಾಯುತ್ತಿದ್ದೆ.

ಮಾರುಕಟ್ಟೆಗೆ ತೊಗರಿ ಬರಲು ಶುರುವಾದರೆ ಹುಮನಾಬಾದಿನ ಮನೆಗಳಲ್ಲಿ ಯಾರಿಗೂ ಪುರುಸೊತ್ತು ಇರುವುದಿಲ್ಲ. ಹಾಗಾಗಿ ಎರಡನೆಯ ಸುತ್ತನ್ನು ಅಲ್ಲಿಂದಲೇ ತೊಡಗಿದೆ. ದಿನಾ ಬೆಳಿಗ್ಗೆ ಬಸ್ಸು ಹಿಡಿದು ಹೈವೇ ಮೇಲೆ ಇಳಿದು, ಫ್ಯಾಕ್ಟರಿಗಳ ಔಷಧಿ ವಾಸನೆಯಲ್ಲಿ ಮೂಗಿಗೆ ಸೆರಗು ಹಿಡಿದು ಓಣಿ ಓಣಿ ತಿರುಗಿದೆ. ಮೊಣಕಾಲು ನೋಯುತ್ತಿತ್ತು. ಆದರೆ ಸಂಜೆ ಬಂದ ರೆಕಾರ್ಡಿಂಗುಗಳು! ಮಾತೇ ಮಾತು. ಉತ್ತರಕ್ಕೆ ಕಾದಿದ್ದ ಆ ಹಿರಿಯಳು ಈ ಸಲ ಸೊಸೆಯನ್ನು ಕೂಡಿಸಿಕೊಂಡಿದ್ದಳು.

"ಅತ್ತೀ, ಅದನ್ನ ಒತ್ತರಿ."

"ನೀ ಸುಮ್ಮನಿರು. ಅಡಿಗಿ ಮನ್ಯಾಗ ನಿನ್ನ ಮಾತು ನಡೀತದ, ಫೋನಿನ್ಯಾಗ ನಂದೇ."

"ಫೋನ್ ನಂದದರಿ ಅತ್ತೀ."

"ಫೋನ್ ನಿಂದು, ಗುಳಿಗಿ ನಂದು."

ಚಂದ್ರನ ಬದಲು ಒಂದು ಊಟದ ತಾಟು ಹಾಕಿದ್ದೆವು. ಅದರಲ್ಲಿ ರೊಟ್ಟಿ, ಪಕ್ಕದಲ್ಲಿ ಉರಿಯುವ ಬಲ್ಬು. ಯಾರ ಚುಕ್ಕೆಯೂ ಅಲ್ಲಿ ನಿಲ್ಲಲಿಲ್ಲ. ಪುಣೆಯ ಹುಡುಗಿಗೆ ಖುಷಿಯೋ ಖುಷಿ. ನನಗೂ. ನಾರಾಯಣಪುರವನ್ನು ಕೊನೆಗೆ ಇಟ್ಟುಕೊಂಡಿದ್ದೆ, ಮಕ್ಕಳು ತಾಟಿನಲ್ಲಿ ಸಿಹಿಯನ್ನು ಕೊನೆಗೆ ಇಟ್ಟುಕೊಳ್ಳುವ ಹಾಗೆ.

ಆ ಮನೆಯ ಮುಂದೆ ಆಟೋ ಇಳಿದಾಗಲೇ ಏನೋ ಬೇರೆ ಅನ್ನಿಸಿತು. ಅಂಗಳದಲ್ಲಿ ಸಾರಿಸಿದ ಗುರುತಿಲ್ಲ, ರಂಗೋಲಿಯಿಲ್ಲ. ಹಾಲಿನ ಕ್ಯಾನುಗಳನ್ನು ಬೋರಲು ಹಾಕಿದ್ದರು. ಆಕೆಯ ನಾದಿನಿ ಎಂದು ಆಮೇಲೆ ತಿಳಿದ ಒಬ್ಬಾಕೆ ಹೊರಗೆ ಬಂದು, "ಯಾರು ಬೇಕ್ರಿ?" ಎಂದಳು. ಹೇಳಿದೆ. ಆಕೆ, "ನಿಮಗ ಗೊತ್ತಿಲ್ಲೇನ್ರಿ? ನಮ್ಮಣ್ಣ ಹೋಗಿಬಿಟ್ಟಾನ್ರಿ" ಎಂದಳು. ಮುಂಜಾನೆ ಹಾಲು ಕರೆಯುತ್ತ ಕೂತವನು ಹಾಗೇ ಎಮ್ಮೆಯ ಕಾಲಿನ ಹತ್ತಿರ ಒರಗಿದನಂತೆ. ಎಮ್ಮೆ ಅಲುಗಾಡದೆ ನಿಂತಿತ್ತಂತೆ. ಗುಳಿಗೆ ತಪ್ಪಿಸಿರಲಿಲ್ಲ, ಅದನ್ನು ನಾದಿನಿ ಎರಡು ಸಲ ಹೇಳಿದಳು. ಡಾಕ್ಟರೂ ಅದನ್ನೇ ಅಂದರಂತೆ.

ಆಕೆ ಒಳಗೆ ಗೋಡೆಗೆ ಒರಗಿ ಕೂತಿದ್ದಳು. ನನ್ನನ್ನು ನೋಡಿದೊಡನೆ ಎದ್ದು ಬಂದು ಎರಡೂ ಕೈ ಹಿಡಿದಳು. ಅಳುತ್ತಾಳೆ ಎಂದುಕೊಂಡೆ. ಅಳಲಿಲ್ಲ.

"ಬಾಯಾರ, ನಿಮ್ಮ ಹಾದೀನೇ ನೋಡಾಕತ್ತಿದ್ದೆ. ಅದರಾಗ ಅವರು ಮಾತಾಡ್ಯಾರಲ್ರಿ? ನನ್ನ ಜೋಡಿ ಕುಂತು ಮಾತಾಡಿದ್ದು. ಅದು ಕೊಡ್ರಿ ನನಗ."

ನಾನು ನಾದಿನಿಯ ಕಡೆ ನೋಡಿದೆ.

"ಫೋಟೋ ಅವ ಅಲ್ಲ ವೈನಿ" ಎಂದು ನಾದಿನಿ ಸಮಾಧಾನ ಹೇಳಲು ನೋಡಿದಳು.

"ಫೋಟೋ ತಗೊಂಡು ಏನ್ ಮಾಡ್ಲಿ? ಫೋಟೋ ಮಾತಾಡ್ತದೇನು? ಅವರ ಬಲ್ಲಿ ಬಟನ್ ಫೋನ್ ಇತ್ತು. ಒಂದೂ ಮಾತು ಎಲ್ಲೂ ತುಂಬಿಲ್ಲ. ಇವರ ಬಲ್ಲಿ ಒಂದೇ ಅದ." ಮತ್ತೆ ನನ್ನ ಕಡೆಗೆ ತಿರುಗಿ ದನಿ ತಗ್ಗಿಸಿದಳು. "ಅಳಸ್ರಿ ಅಂತ ನಾನೇ ಹೇಳಿದ್ದೆ. ನನಗ ನೆನಪದ. ಇನ್ನಾ ಅಳಿಸಿಲ್ಲ ಹೌದಿಲ್ಲೋ?"

ನಾನು ಸುಳ್ಳು ಹೇಳಲಿಲ್ಲ. ನಿಜವನ್ನೂ ಪೂರ್ತಿ ಹೇಳಲು ಆಗಲಿಲ್ಲ. "ಪುಣೆಯವರನ್ನು ಕೇಳ್ತೀನವ್ವಾ" ಎಂದೆ. ತೀರಿಕೊಂಡ ನನ್ನ ಯಜಮಾನರ ದನಿಯೂ ನನ್ನ ಹತ್ತಿರ ಇಲ್ಲ. ಹೇಗೆ ಕೆಮ್ಮುತ್ತಿದ್ದರು ಎಂಬುದು ನೆನಪಿದೆ, ನನ್ನ ಹೆಸರು ಹೇಗೆ ಕರೆಯುತ್ತಿದ್ದರು ಎಂಬುದು ಕೈಗೆ ಸಿಗುವುದಿಲ್ಲ. ಅದನ್ನು ಆ ಹೊತ್ತಿನಲ್ಲಿ ಅಲ್ಲಿ ಹೇಳುವುದಲ್ಲ.

ಆಟೋದಲ್ಲಿ ಕೂತೇ ಫೋನ್ ಮಾಡಿದೆ. ಹುಡುಗಿ ಯಾವ ದಿನದ ರೆಕಾರ್ಡಿಂಗ್ ಎಂದು ಕೇಳಿ ಬರೆದುಕೊಂಡಳು. ನಾಳೆ ಹೇಳ್ತೀನಿ ಎಂದಳು. ಮಾರನೆಯ ದಿನ ತಿಳಿದದ್ದು ಇಷ್ಟು: ಅಳಿಸಿದ್ದು ಕಸದಬುಟ್ಟಿಯಂಥ ಒಂದು ಜಾಗದಲ್ಲಿ ಸ್ವಲ್ಪ ಕಾಲ ಇರುತ್ತದೆ, ಆ ಕಾಲ ದಾಟಿತ್ತು. ಬ್ಯಾಕಪ್ ಇಟ್ಟಿರಲಿಲ್ಲ, ಜನರ ದನಿಯನ್ನು ಎರಡು ಕಡೆ ಇಡುವುದಿಲ್ಲ ಎಂದು ನಾವೇ ಮಾತು ಕೊಟ್ಟಿದ್ದೆವು. ಅವರ ಎಂಜಿನಿಯರುಗಳು ಕೂತು ನೋಡಿದ್ದರು. "ವಿ ಡಿಡ್ ಎವ್ರಿಥಿಂಗ್ ರೈಟ್, ಮ್ಯಾಮ್" ಎಂದಳು.

ಆಮೇಲೆ ಒಂದು ಮಾತು ಸೇರಿಸಿದಳು. ಫೋನಿನಲ್ಲಿ ತೆರೆಯ ಮೇಲೆ ಓಡಾಡುವ ಚಿತ್ರ ಒಂದು ಫೈಲ್, ಮೈಕಿನ ದನಿ ಇನ್ನೊಂದು ಫೈಲ್ ಆಗಿ ಉಳಿಯುತ್ತವೆ. ಪುಣೆಗೆ ಬಂದ ಮೇಲೆ ಎರಡನ್ನೂ ಜೋಡಿಸುತ್ತಾರೆ. ಕಳಿಸಿದ ಬಳಿಕ ಫೋನಿನಲ್ಲಿರುವುದು ಅಳಿಯಬೇಕು. ನಡುವೆ ಸಿಗ್ನಲ್ ಹೋದರೆ ಕೆಲವೊಮ್ಮೆ ಚಿತ್ರದ ಫೈಲ್ ಹಾಗೇ ಉಳಿದುಬಿಡುತ್ತದೆ, ಅದೊಂದು ಸರಿಪಡಿಸದ ದೋಷ. ನಾರಾಯಣಪುರದ ರೆಕಾರ್ಡಿಂಗ್ ಪುಣೆಗೆ ಹೋಗುವುದು ಅರ್ಧಕ್ಕೆ ನಿಂತು, ಆಕೆ ಹಾಲು ಹಾಕಲು ಬಸವಕಲ್ಯಾಣಕ್ಕೆ ಬಂದಾಗ ಉಳಿದರ್ಧ ಹೋದದ್ದು ನನಗೂ ನೆನಪಿತ್ತು.

"ದನಿ?"

"ದನಿಯ ಫೈಲ್ ಚಿಕ್ಕದು, ಮ್ಯಾಮ್. ಅದು ಮೊದಲು ಹೋಗುತ್ತೆ. ಮೊದಲೇ ಅಳಿದುಹೋಗುತ್ತೆ. ಚಿತ್ರ ಇದ್ದರೂ ಇರಬಹುದು. ಬರೀ ಚಿತ್ರ."

ಬರೀ ಚಿತ್ರ ಹಿಡಿದುಕೊಂಡು ಆಕೆಯ ಮುಂದೆ ಹೋಗುವುದು ಹೇಗೆ? ಗುಳಿಗೆ, ಸೂರ್ಯ, ಚಂದ್ರ, ಒಂದು ಬೂದು ಚುಕ್ಕೆ. ಹೋಗದಿರುವುದೇ ಮೇಲೋ ಏನೋ. ಒಂದು ದಿನ ಹಾಗೇ ಬಿಟ್ಟೆ. ಆಮೇಲೆ, ಇಲ್ಲವೆಂಬುದನ್ನಾದರೂ ಮುಖಕ್ಕೆ ಮುಖ ಕೊಟ್ಟು ಹೇಳಬೇಕು ಅನ್ನಿಸಿತು. ಫೋನಿನಲ್ಲಿ ಹೇಳುವ ಮಾತಲ್ಲ ಅದು.

ಹೇಳಿದೆ. ಆಕೆ ತಲೆ ತಗ್ಗಿಸಿ ಕೇಳಿಸಿಕೊಂಡಳು. "ನೀವು ಮಾತು ಕೊಟ್ಟಂಗ ಮಾಡೀರಿ ಬಿಡ್ರಿ" ಎಂದಳು. ಬೈದಿದ್ದರೆ ಸುಲಭವಾಗುತ್ತಿತ್ತು.

ಫೋನ್ ಕೇಳಿ ತೆಗೆದುಕೊಂಡು, ಹುಡುಗಿ ಹೇಳಿಕೊಟ್ಟಿದ್ದ ಹಾಗೆ ಫೋಲ್ಡರಿನೊಳಗೆ ಫೋಲ್ಡರ್ ತೆರೆಯುತ್ತ ಹೋದೆ. ಫೈಲ್ ಇತ್ತು. ಹಚ್ಚಿದೆ. ಎಮ್ಮೆ ಕೂಗಲಿಲ್ಲ, ಬಕೆಟ್ ಸರಿಯಲಿಲ್ಲ. ತೆರೆ ಬೆಳ್ಳಗೆ ಮೌನವಾಗಿ ಮೂಡಿತು. ಬೂದು ಚುಕ್ಕೆ ಮೊದಲ ಗುಂಡಿಯ ಹತ್ತಿರ ಬಂದು ಸುಮ್ಮನೆ ನಿಂತಿತು.

"ಯಾಕ ನಿಂತದ?" ಎಂದಳು.

"ಇಲ್ಲಿ ಅವರು ಒಳಗೆ ಬಂದರು. ಯಾರ ಜೊತೆ ಮಾತಾಡ್ತಾ ಇದ್ದೀ ಅಂತ ಕೇಳಿದರು."

ಆಕೆ ಫೋನಿನ ಮೇಲೆ ಬಗ್ಗಿದಳು. ಚುಕ್ಕೆ ನಡೆಯಿತು, ನಿಂತಿತು. ನಾನು ನೆನಪಿದ್ದಷ್ಟನ್ನು ಹೇಳುತ್ತ ಹೋದೆ. ನನ್ನ ಬಾಯಲ್ಲಿ ಆತನ ಮಾತು ಪಾಠ ಒಪ್ಪಿಸಿದಂತೆ ಬರುತ್ತಿತ್ತು, ನನಗೇ ನಾಚಿಕೆಯಾಯಿತು. ಸೂರ್ಯ ದಾಟಿದ. ಚಂದ್ರನ ಮೇಲೆ ಬಂದು ಚುಕ್ಕೆ ತಳವೂರಿತು.

"ಇಲ್ಲಿ ನೀನು ಸಂಕಷ್ಟಿ ಅಂದಿ. ಆಮೇಲೆ ಅವರು, ಸಂಕಷ್ಟಿ ಹಿಡಿಯುವವಳು ನೀನು, ಗುಳಿಗೆ ನುಂಗುವವನು ನಾನು ಅಂದರು."

"ಹಂಗಲ್ರಿ ಬಾಯಾರ" ಎಂದಳು ಥಟ್ಟನೆ. "ಹಂಗ ಅಂದಿಲ್ಲ ಅವರು." ಕತ್ತನ್ನು ಸ್ವಲ್ಪ ಹಿಂದಕ್ಕೆ ಎಳೆದು, ಗದ್ದ ಎತ್ತಿ, ಎದೆಯೊಳಗಿನಿಂದ ದಪ್ಪ ದನಿ ತೆಗೆದಳು: "ಸಂಕಷ್ಟಿ ಹಿಡಿಯಾಕಿ ನೀ... ಗುಳಿಗಿ ನುಂಗಾವ ನಾ?"

ಅದೇ ಎಳೆತ, 'ನೀ' ಎಂಬಲ್ಲಿ ಅದೇ ಕೀಟಲೆ. ಹೊರಗೆ ಕಸ ಹೊಡೆಯುತ್ತಿದ್ದ ನಾದಿನಿಯ ಪೊರಕೆಯ ಸದ್ದು ನಿಂತುಹೋಯಿತು. ತೆರೆಯ ಮೇಲೆ ಚುಕ್ಕೆ ನಡುಗಲು ಶುರುವಾಯಿತು. ಅದು ಅವತ್ತು ಆಕೆ ನಕ್ಕದ್ದು. ಇವತ್ತು ಆಕೆಯ ಕಣ್ಣಿನಿಂದ ಮೊದಲ ಸಲ ನೀರು ಇಳಿಯಿತು, ಬಾಯಿ ಮಾತ್ರ ನಗುತ್ತಲೇ ಇತ್ತು.

ಫೈಲ್ ಮುಗಿದು ತೆರೆ ಕಪ್ಪಾಯಿತು. ನಿಯಮದ ಪ್ರಕಾರ ಅದನ್ನೂ ನಾನು ಅಳಿಸಬೇಕಿತ್ತು. ಅದು ಆಕೆಯ ಫೋನು, ಆಕೆಯ ಬೆರಳು, ಹಾಗೇ ಬಿಟ್ಟೆ. ಪುಣೆಯ ಹುಡುಗಿಗೆ ಹೇಳಿದಾಗ ಆಕೆಯೂ, "ಲೆಟ್ ಇಟ್ ಬಿ, ಮ್ಯಾಮ್" ಎಂದಳು.

ಇನ್ನು ಇದು ಆಕೆಯದು, ಆಕೆ ಮಾತ್ರ ನೋಡುವಂಥದ್ದು ಅನ್ನಿಸಿ, ಮೊಣಕಾಲಿಗೆ ಕೈಕೊಟ್ಟು ಮೆಲ್ಲಗೆ ಎದ್ದೆ. ಆ ಚಳಿಗಾಲವೆಲ್ಲ ಮನೆಮನೆಯಲ್ಲಿ ಹಾಗೇ ಎದ್ದುಬಂದಿದ್ದೆನಲ್ಲ. ಆಕೆ ನನ್ನ ಸೆರಗಿನ ತುದಿ ಹಿಡಿದಳು.

"ಕುಂದರ್ರಿ ಬಾಯಾರ. ಒಬ್ಬಾಕಿನೇ ಹ್ಯಾಂಗ ಮಾತಾಡ್ಲಿ?"

ಕೂತೆ. ಆಕೆ ಸೆರಗಿನಿಂದ ಫೋನಿನ ಗಾಜು ಒರೆಸಿ, ಮತ್ತೆ ಮೊದಲಿನಿಂದ ಹಚ್ಚಿದಳು.